ವಾಕರ್ ಬೇಡ, ನೆಲ ಸಾಕು

ಮಗು ಕೂರುವುದನ್ನು ಕಲಿಯುವ ಹೊತ್ತಿಗೆ ಎಷ್ಟೋ ಮನೆಗಳಿಗೆ ಒಂದು ವಾಕರ್ ಬಂದು ಸೇರುತ್ತದೆ. ಸೋದರಮಾವ ಉಡುಗೊರೆಯಾಗಿ ತಂದಿರುತ್ತಾನೆ. ಇಲ್ಲವೇ ದೊಡ್ಡಮ್ಮನ ಮಗಳ ಮನೆಯ ಅಟ್ಟದಲ್ಲಿದ್ದದ್ದು ದೂಳು ಒರೆಸಿಕೊಂಡು ಇಳಿದು ಬಂದಿರುತ್ತದೆ. ದುಂಡನೆಯ ಪ್ಲಾಸ್ಟಿಕ್ ಚೌಕಟ್ಟು, ಅದರಡಿ ಆರೋ ಎಂಟೋ ಚಕ್ರ, ನಡುವೆ ಎರಡು ಕಾಲು ತೂರಿಸುವ ಬಟ್ಟೆಯ ಸೀಟು, ಮುಂದೆ ಗುಂಡಿ ಒತ್ತಿದರೆ ಹಾಡುವ ತಟ್ಟೆ. ಅದರೊಳಗೆ ಇಳಿಸಿದ ಒಂದೆರಡು ದಿನಕ್ಕೆ ಮಗು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಸುತ್ತತೊಡಗುತ್ತದೆ. “ಆಗಲೇ ಹೆಂಗೆ ನಡೀತದೆ ನೋಡು” ಎಂದು ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಮಗುವಿಗೂ ಖುಷಿ, ಕೈ ಬಿಡುವಾದ ಅಮ್ಮನಿಗೂ ಖುಷಿ.

ಇಷ್ಟು ಖುಷಿ ಕೊಡುವ ವಸ್ತುವನ್ನು ಬೇಡ ಎಂದರೆ ಯಾರಿಗಾದರೂ ಬೇಸರವೇ. ಆದರೆ ಮಕ್ಕಳ ವೈದ್ಯರನ್ನೋ ಫಿಸಿಯೋಥೆರಪಿಸ್ಟ್‌ಗಳನ್ನೋ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಅದೇ. ವಾಕರ್ ನಡಿಗೆ ಕಲಿಸುವುದಿಲ್ಲ. ಅದು ಸಾಲದೆಂಬಂತೆ ಪೆಟ್ಟನ್ನೂ ತರುತ್ತದೆ. ಚಕ್ರವಿಲ್ಲದ ಆಕ್ಟಿವಿಟಿ ಸೆಂಟರ್‌ನ ಕಥೆ ಸ್ವಲ್ಪ ಬೇರೆ. ಅದಕ್ಕೆ ಮುಂದೆ ಬರೋಣ.

ವಾಕರ್‌ನಲ್ಲಿರುವ ಮಗುವನ್ನು ನಿಂತುಕೊಂಡು ನೋಡಿದರೆ ಅದರ ನಗುಮುಖವಷ್ಟೇ ಕಾಣುತ್ತದೆ. ಒಮ್ಮೆ ನೆಲಕ್ಕೆ ಕೂತು ಅದರ ಪಾದ ನೋಡಿ. ಹಿಮ್ಮಡಿ ನೆಲಕ್ಕೆ ತಾಗಿರುವುದು ಅಪರೂಪ. ಬೆರಳ ತುದಿಯಿಂದ, ಹೆಚ್ಚೆಂದರೆ ಪಾದದ ಮುಂಭಾಗದಿಂದ ಮಗು ನೆಲವನ್ನು ಹಿಂದಕ್ಕೆ ಒದೆಯುತ್ತಿರುತ್ತದೆ, ಎಷ್ಟೋ ಸಲ ಎರಡೂ ಕಾಲು ಒಟ್ಟಿಗೆ. ಮೈಭಾರ ಹೊತ್ತಿರುವುದು ಸೀಟಿನ ಬಟ್ಟೆ. ಎದೆ ಮುಂದಿನ ತಟ್ಟೆಗೆ ಒರಗಿರುತ್ತದೆ. ತಲೆ ಬಗ್ಗಿಸಿದರೂ ಮಗುವಿಗೆ ತನ್ನ ಪಾದ ಕಾಣುವುದಿಲ್ಲ, ತಟ್ಟೆ ಅಡ್ಡ ಇದೆ. ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಚೌಕಟ್ಟು ಹಿಡಿದುಕೊಳ್ಳುತ್ತದೆ. ಸಮತಟ್ಟು ನೆಲದಲ್ಲಿ ಬೀಳುವ ಪ್ರಶ್ನೆಯೇ ಇಲ್ಲ.

ನಡಿಗೆಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ. ನಡೆಯುವುದೆಂದರೆ ಮೂಲತಃ ಒಂದು ಕಾಲ ಮೇಲೆ ಅರೆಗಳಿಗೆ ನಿಲ್ಲುವುದು. ಬಲಗಾಲು ಎತ್ತಬೇಕಾದರೆ ಮೈಭಾರವೆಲ್ಲ ಎಡಗಾಲಿಗೆ ದಾಟಬೇಕು. ಆ ಹೊತ್ತಿಗೆ ಎಡ ಸೊಂಟದ ಪಕ್ಕದ ಸ್ನಾಯು ಬಿಗಿಯಾಗಿ ಹಿಡಿಯದಿದ್ದರೆ ಮೈ ಕುಸಿಯುತ್ತದೆ. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಮುಂಡವನ್ನು ನೆಟ್ಟಗೆ ನಿಲ್ಲಿಸಬೇಕು, ಹಿಮ್ಮಡಿ ಮೊದಲು ಊರಿ ಆಮೇಲೆ ಬೆರಳು ಊರುವ ಕ್ರಮ ನಿಧಾನಕ್ಕೆ ಬರಬೇಕು. ತೂಕ ತಪ್ಪಿದಾಗ ತಟಕ್ಕನೆ ಕೈ ಮುಂದೆ ಚಾಚಿ ತಲೆ ಉಳಿಸಿಕೊಳ್ಳುವುದೂ ಇದೇ ಪಾಠದೊಳಗಿನದು. ಇದನ್ನೆಲ್ಲ ಮಿದುಳು ಕಲಿಯುವುದು ತಪ್ಪು ಮಾಡಿ: ವಾಲಿತು, ಬಿತ್ತು, ಮತ್ತೆ ಎದ್ದಿತು. ತೆಪ್ಪದ ಮೇಲೆ ಕೂತು ನೀರಲ್ಲಿ ಕಾಲಾಡಿಸಿದವನಿಗೆ ಈಜು ಬಾರದು. ವಾಕರ್‌ನಲ್ಲಿ ಕೂತ ಮಗುವಿನ ಪಾಡೂ ಅದೇ.

ಬೀಳುವುದು ಎಷ್ಟು ಮುಖ್ಯ ಎನ್ನುವುದಕ್ಕೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳನ್ನು ಆಟಕ್ಕೆ ಬಿಟ್ಟು ಅವರ ಹೆಜ್ಜೆಗಳನ್ನೂ ಬೀಳುವಿಕೆಗಳನ್ನೂ ಎಣಿಸಿದರು. ಸರಾಸರಿ ಒಂದು ಗಂಟೆಗೆ 2,368 ಹೆಜ್ಜೆ, 17 ಸಲ ಬೀಳುವುದು. ಹೊಸದಾಗಿ ನಡೆಯುವ ಮಗು ಹೆಚ್ಚು ಬೀಳುತ್ತದೆ, ಪಳಗಿದ ಮಗು ಕಡಿಮೆ. ಗಿಡ್ಡ ಮೈ, ಕಡಿಮೆ ತೂಕ, ಅಂಡೂರಿ ಕೂರುವಂಥ ಬೀಳುವಿಕೆ: ಬಹುಪಾಲು ಮಕ್ಕಳು ಅಳದೆ ಎದ್ದು ಮತ್ತೆ ಹೊರಡುತ್ತವೆ. ಈ ಅಭ್ಯಾಸದ ಗಂಟೆಗಳನ್ನೇ ವಾಕರ್ ನುಂಗುವುದು.

ಹಾಗಾದರೆ ವಾಕರ್‌ನಿಂದ ನಡಿಗೆ ತಡವಾಗುತ್ತದೆಯೇ? ಇಲ್ಲಿ ಉತ್ಪ್ರೇಕ್ಷೆ ಮಾಡಬಾರದು. ಅಮೆರಿಕದಲ್ಲಿ ಸೀಗಲ್ ಮತ್ತು ಬರ್ಟನ್ ಎಂಬಿಬ್ಬರು 109 ಶಿಶುಗಳನ್ನು ಪರೀಕ್ಷಿಸಿ 1999ರಲ್ಲಿ ಬರೆದ ಪ್ರಕಾರ, ವಾಕರ್ ಬಳಸಿದ ಮಕ್ಕಳು ಬಳಸದವರಿಗಿಂತ ತಡವಾಗಿ ಕೂತವು, ತಡವಾಗಿ ಅಂಬೆಗಾಲಿಟ್ಟವು, ತಡವಾಗಿ ನಡೆದವು. ಪಾದ ಕಾಣದಂತೆ ದೊಡ್ಡ ತಟ್ಟೆ ಅಡ್ಡವಿರುವ ವಾಕರ್‌ಗಳ ಮೇಲೆ ಅವರಿಗೆ ವಿಶೇಷ ಅನುಮಾನವಿತ್ತು. ಐರ್ಲೆಂಡಿನ 190 ಮಕ್ಕಳ ಬಗ್ಗೆ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿ ಇನ್ನೂ ಕರಾರುವಾಕ್ಕಾಗಿ ಲೆಕ್ಕ ಕೊಟ್ಟಿತು: ಮಗು ವಾಕರ್‌ನಲ್ಲಿ ಕಳೆದ ಸಮಯವನ್ನೆಲ್ಲ ಕೂಡಿಸಿದರೆ, ಪ್ರತಿ 24 ಗಂಟೆಗೆ ಒಂಟಿಯಾಗಿ ನಡೆಯುವುದು 3.3 ದಿನ, ಒಂಟಿಯಾಗಿ ನಿಲ್ಲುವುದು 3.7 ದಿನ ತಡ. ದಿನಕ್ಕೊಂದು ಗಂಟೆಯಂತೆ ಮೂರು ತಿಂಗಳು ಕೂರಿಸಿದರೆ 90 ಗಂಟೆ. ಅಂದರೆ ನಡಿಗೆ ಹನ್ನೆರಡು ದಿನದಷ್ಟು ಮುಂದಕ್ಕೆ ಹೋದಂತೆ.

ಹನ್ನೆರಡು ದಿನ ತಡವಾದರೆ ಮುಳುಗಿಹೋಗುವುದೇನಿಲ್ಲ. ಆ ಅಧ್ಯಯನ ಎರಡರ ನಡುವೆ ನಂಟಿದೆ ಎಂದಿತೇ ಹೊರತು ಒಂದರಿಂದಲೇ ಇನ್ನೊಂದು ಆಯಿತೆಂದು ಸಾಧಿಸಲಿಲ್ಲ. ವಾಕರ್‌ನಲ್ಲಿ ಬೆಳೆದ ಲಕ್ಷಾಂತರ ಮಕ್ಕಳು ಇವತ್ತು ಚೆನ್ನಾಗಿಯೇ ನಡೆದಾಡುತ್ತಿದ್ದಾರೆ. ಈ ಸಾಲು ಓದುತ್ತಿರುವವರಲ್ಲೂ ಅಂಥವರು ಇದ್ದೀರಿ. ನನ್ನ ಮಾತಿಷ್ಟೇ: ‘ಬೇಗ ನಡೆಯಲಿ’, ‘ಕಾಲಿಗೆ ಬಲ ಬರಲಿ’ ಎಂದು ಕೊಳ್ಳುವ ವಸ್ತು ಆ ಎರಡನ್ನೂ ಮಾಡುವುದಿಲ್ಲ. ಬಲ ಬರುವುದು ಮೀನಖಂಡಕ್ಕೆ, ಅದೂ ತುದಿಗಾಲಿನ ಒದೆತದಿಂದ. ನಡಿಗೆಗೆ ಬೇಕಾದ ಸೊಂಟ, ಹೊಟ್ಟೆ, ಬೆನ್ನು ಬಟ್ಟೆಯ ಸೀಟಿನಲ್ಲಿ ವಿರಮಿಸುತ್ತಿರುತ್ತವೆ.

ಅವಸರ ಪಡುವ ಅಗತ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕಗಳ 816 ಮಕ್ಕಳ ಬೆಳವಣಿಗೆಯನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, ಆರೋಗ್ಯವಂತ ಮಗು ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲಿಡುವುದು 5.2ರಿಂದ 13.5 ತಿಂಗಳೊಳಗೆ, ಒಂಟಿಯಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಎಂಟು ತಿಂಗಳಿಗೇ ನಡೆದ ಪಕ್ಕದ ಮನೆಯ ಕೂಸೂ ಸರಿ, ಹದಿನಾರಕ್ಕೆ ಹೆಜ್ಜೆ ಇಟ್ಟ ನಿಮ್ಮದೂ ಸರಿ. ಆ 816 ಮಕ್ಕಳಲ್ಲಿ ಶೇ 4.3ರಷ್ಟು ಕೈ-ಮಂಡಿಯ ಮೇಲೆ ಅಂಬೆಗಾಲಿಡಲೇ ಇಲ್ಲ. ಕೂತಲ್ಲಿಂದ ಸರಿದೋ ಹೊಟ್ಟೆಯ ಮೇಲೆ ತೆವಳಿಯೋ ನೇರವಾಗಿ ನಿಲ್ಲುವ ಹಂತಕ್ಕೆ ದಾಟುವ ಮಕ್ಕಳೂ ಉಂಟು.

ಪೆಟ್ಟಿನ ಲೆಕ್ಕ

ನಡಿಗೆಯ ಮಾತು ದಿನಗಳ ಲೆಕ್ಕದ್ದಾದರೆ, ಪೆಟ್ಟಿನದು ತಲೆಬುರುಡೆಯ ಲೆಕ್ಕ. ವಾಕರ್‌ಗೆ ವೈದ್ಯರು ವಿರುದ್ಧವಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್‌ನಿಂದ ಗಾಯಗೊಂಡು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ, ಹದಿನೈದು ತಿಂಗಳೊಳಗಿನ ಮಕ್ಕಳ ಅಂದಾಜು ಸಂಖ್ಯೆ 2,30,676. ಅವರಲ್ಲಿ ಶೇ 90.6 ಮಕ್ಕಳಿಗೆ ಪೆಟ್ಟಾದದ್ದು ತಲೆಗೆ ಅಥವಾ ಕುತ್ತಿಗೆಗೆ. ಶೇ 74.1ರಷ್ಟು ಮಕ್ಕಳು ವಾಕರ್ ಸಮೇತ ಮೆಟ್ಟಿಲಿಂದ ಉರುಳಿದ್ದರು. ಆಸ್ಪತ್ರೆಗೆ ದಾಖಲಾದವರಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮಕ್ಕಳ ತಲೆಬುರುಡೆ ಬಿರುಕು ಬಿಟ್ಟಿತ್ತು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಂಕಿಗಳಿವು. ಚಕ್ರವಿರುವ ವಾಕರ್‌ಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಬೇಕೆಂದು ಆ ಸಂಸ್ಥೆ 2001ರಿಂದಲೂ ಹೇಳುತ್ತಿದೆ.

‘ನಾವು ಪಕ್ಕದಲ್ಲೇ ಇರ್ತೀವಲ್ಲ’ ಎನ್ನುವುದು ಎಲ್ಲರ ಉತ್ತರ. ಪೆಟ್ಟಾದ ಎಷ್ಟೋ ಮಕ್ಕಳ ಮನೆಯವರೂ ಪಕ್ಕದಲ್ಲೇ ಇದ್ದರು. ಅಮೆರಿಕದಲ್ಲೇ ವಾಕರ್‌ನಿಂದ ಗಾಯಗೊಂಡ 271 ಮಕ್ಕಳ ಪ್ರಕರಣಗಳನ್ನು ಕೆದಕಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 78 ಪ್ರಕರಣಗಳಲ್ಲಿ ಯಾರಾದರೊಬ್ಬರು ಮಗುವನ್ನು ನೋಡಿಕೊಳ್ಳುತ್ತಿದ್ದರು. ಶೇ 69ರಲ್ಲಿ ಹಾಗೆ ನೋಡಿಕೊಳ್ಳುತ್ತಿದ್ದವರು ದೊಡ್ಡವರೇ. ಕಾರಣ ಸರಳ. ವಾಕರ್‌ನಲ್ಲಿರುವ ಮಗು ಒಂದು ಸೆಕೆಂಡಿಗೆ ಮೂರು ಅಡಿಗೂ ಮೀರಿ ಸಾಗಬಲ್ಲದು. ನೀವು ಕುರ್ಚಿಯಿಂದ ಏಳುವಷ್ಟರಲ್ಲಿ ಅದು ಕೋಣೆಯ ಆ ತುದಿಯಲ್ಲಿರುತ್ತದೆ.

ಪರಿಚಯದವರ ಮನೆಯೊಂದರಲ್ಲಿ ಕಣ್ಣೆದುರೇ ಆದದ್ದನ್ನು ಹೇಳುತ್ತೇನೆ. ಅಜ್ಜ ದಿವಾನ್ ಮೇಲೆ ಪೇಪರ್ ಓದುತ್ತಿದ್ದರು, ಎಂಟು ತಿಂಗಳ ಮೊಮ್ಮಗ ಅವರಿಂದ ಎರಡು ಮಾರು ದೂರದಲ್ಲಿ ವಾಕರ್‌ನಲ್ಲಿದ್ದ. ಹೊರಗೆ ಸ್ಕೂಟರ್ ಸದ್ದಾಯಿತು. ಅಪ್ಪ ಬಂದ ಎಂದು ಬಾಗಿಲ ಕಡೆ ರಭಸದಿಂದ ಕಾಲೊದ್ದ. ಮುಂದಿನ ಚಕ್ರ ಕಾಲೊರೆಸುವ ಮ್ಯಾಟಿನ ಅಂಚಿಗೆ ಸಿಕ್ಕಿ ಗಕ್ಕನೆ ನಿಂತಿತು, ಹಿಂದಿನ ಚಕ್ರಗಳು ಮೇಲೆದ್ದವು, ಗದ್ದ ತಟ್ಟೆಗೆ ಬಡಿಯಿತು. ಅಜ್ಜ ಪೇಪರ್ ಕೆಳಗಿಳಿಸಿದ್ದರಷ್ಟೇ, ಇನ್ನೂ ಎದ್ದಿರಲಿಲ್ಲ. ತುಟಿ ಒಡೆದು ಸ್ವಲ್ಪ ರಕ್ತ ಬಂತು, ಸಂಜೆಗೆ ಮಗು ಆಡಿಕೊಂಡಿತ್ತು. ಮ್ಯಾಟಿನ ಜಾಗದಲ್ಲಿ ಹೊರಬಾಗಿಲ ಮೂರು ಮೆಟ್ಟಿಲು ಇದ್ದಿದ್ದರೆ ಮಾತು ಬೇರೆಯಿತ್ತು.

ನಮ್ಮ ಮನೆಗಳು ಕಟ್ಟಿರುವ ರೀತಿಯೂ ವಾಕರ್‌ಗೆ ಒಗ್ಗುವಂಥದ್ದಲ್ಲ. ಬಾಗಿಲು ಬಾಗಿಲಿಗೂ ಹೊಸ್ತಿಲು. ಬಚ್ಚಲಿಗೆ ಇಳಿಯಲು ಒಂದು ತಗ್ಗು. ಹಳ್ಳಿಯ ಮನೆಯಾದರೆ ಜಗಲಿ, ಅದರ ಅಂಚಿಗೆ ತಡೆಯಿಲ್ಲ. ಪಟ್ಟಣದ ಮನೆಯಾದರೆ ಅಂಗಳದಲ್ಲೇ ನೀರಿನ ಸಂಪು. ಮುಚ್ಚಳ ಸರಿಸಿಟ್ಟು ಮೋಟರ್ ಹಾಕಲು ಹೋದವರು ಮರೆತರೆ ಮುಗಿಯಿತು. ನೆಲದ ಮೇಲೆ ಅಂಬೆಗಾಲಿಡುವ ಮಗುವಿಗೆ ಹೊಸ್ತಿಲು ಒಂದು ಪರೀಕ್ಷೆ, ಅದನ್ನು ದಾಟಿದ ದಿನ ಸಿಹಿ ಮಾಡಿ ಹಂಚುವ ರೂಢಿ ಕೆಲವು ಮನೆಗಳಲ್ಲಿ ಇಂದಿಗೂ ಇದೆ. ವಾಕರ್‌ನ ಚಕ್ರಕ್ಕೆ ಅದೇ ಹೊಸ್ತಿಲು ಮಗುಚಿ ಬೀಳುವ ಜಾಗ.

ಬೀಳುವುದೊಂದೇ ಅಪಾಯವೂ ಅಲ್ಲ. ತೆವಳುವ ಮಗುವಿನ ಕೈಗೆ ಎಟುಕದ್ದು ವಾಕರ್‌ನಲ್ಲಿ ನೆಟ್ಟಗಿರುವ ಮಗುವಿಗೆ ಎಟುಕುತ್ತದೆ: ಟೀಪಾಯಿ ಮೇಲಿನ ಬಿಸಿ ಕಾಫಿ ಲೋಟ, ಮೇಜಿನಿಂದ ಇಳಿಬಿದ್ದ ಬಟ್ಟೆಯ ಅಂಚು, ಇಸ್ತ್ರಿ ಪೆಟ್ಟಿಗೆಯ ವೈರು, ಹೀಟರ್ ಕಾಯಿಲ್ ಹಾಕಿಟ್ಟ ಬಕೆಟ್. ಬಿಸಿ ಸಾರು ಮೈಮೇಲೆ ಸುರಿದುಕೊಂಡ ಮಗುವಿನ ಚರ್ಮ ದೊಡ್ಡವರದಕ್ಕಿಂತ ತೆಳು; ಅದೇ ಬಿಸಿಗೆ ಹೆಚ್ಚು ಆಳಕ್ಕೆ ಬೇಯುತ್ತದೆ.

ವಾಕರ್ ಬೇಡವೆಂಬ ಮಾತನ್ನು ಮೊದಲು ಕಾನೂನಿನ ಮಟ್ಟಕ್ಕೆ ಒಯ್ದದ್ದು ಕೆನಡಾ. ಅಲ್ಲಿನ ವ್ಯಾಪಾರಿಗಳು 1989ರಿಂದ ತಾವಾಗಿಯೇ ವಾಕರ್ ಮಾರುವುದನ್ನು ನಿಲ್ಲಿಸಿದ್ದರೂ ಹೊರಗಿನಿಂದ ಬರುವುದು ನಿಂತಿರಲಿಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರ ವಾಕರ್‌ನ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ಹಳೆಯದನ್ನು ಮನೆಯಂಗಳದಲ್ಲಿಟ್ಟು ಮಾರುವುದೂ ಅಲ್ಲಿ ಅಪರಾಧ. ದಂಡವೂ ಬೀಳಬಹುದು. ಟೊರಾಂಟೊ ಕಡೆ ಮಗಳ ಬಾಣಂತನಕ್ಕೆ ಹೊರಡುವ ನಮ್ಮ ಅಮ್ಮಂದಿರು ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಅಂಟಿನುಂಡೆ ಒಯ್ಯುವಾಗ ಮಡಿಚುವ ವಾಕರ್ ಒಂದನ್ನೂ ತುರುಕಬಾರದು ಎನ್ನುವುದು ಇದಕ್ಕೇ. ಅಮೆರಿಕದಲ್ಲಿ ನಿಷೇಧವಿಲ್ಲ, ಆದರೆ ಮಾನದಂಡ ಬಿಗಿಯಾಗಿದೆ: ಮೆಟ್ಟಿಲಂಚಿಗೆ ಚಕ್ರ ಇಳಿದರೆ ತಳದ ರಬ್ಬರ್ ಪಟ್ಟಿ ನೆಲ ಕಚ್ಚಿ ವಾಕರ್ ನಿಲ್ಲಬೇಕು. 1990ರಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರ ಮೀರಿದ್ದ ಗಾಯಗಳು 2003ಕ್ಕೆ ಮೂರು ಸಾವಿರದ ಆಸುಪಾಸಿಗೆ ಇಳಿದವು. ಇಳಿದವೇ ಹೊರತು ನಿಲ್ಲಲಿಲ್ಲ.

ಭಾರತದಲ್ಲಿ ವಾಕರ್ ಮಾರಾಟಕ್ಕೆ ನಿಷೇಧವಿಲ್ಲ. ಆದ್ದರಿಂದ ತೀರ್ಮಾನ ಮನೆಯವರದೇ.

ಅಂದಹಾಗೆ ವಾಕರ್ ಇತ್ತೀಚಿನ ಹುಚ್ಚೇನಲ್ಲ. 1440ರ ಸುಮಾರಿಗೆ ನೆದರ್ಲೆಂಡ್ಸ್‌ನಲ್ಲಿ ಸಿದ್ಧವಾದ ಕ್ಯಾಥರೀನ್ ಆಫ್ ಕ್ಲೀವ್ಸ್‌ಳ ಪ್ರಾರ್ಥನಾ ಪುಸ್ತಕದಲ್ಲಿ ಬಾಲ ಯೇಸು ಮರದ ವಾಕರ್‌ನಲ್ಲಿ ನಿಂತಿರುವ ಚಿತ್ರವಿದೆ. ಒಂದು ಕಡೆ ಮರಿಯ ನೇಯುತ್ತಿದ್ದಾಳೆ, ಇನ್ನೊಂದು ಕಡೆ ಜೋಸೆಫ್ ಮರಗೆಲಸದಲ್ಲಿದ್ದಾನೆ. ಮಗು ಒಂದು ಗಳಿಗೆ ಒಂದು ಕಡೆ ಇರಲಿ, ಕೈಗೆಲಸ ಮುಗಿಯಲಿ ಎಂಬ ಆಸೆ ಆರುನೂರು ವರ್ಷದಿಂದ ಬದಲಾಗಿಲ್ಲ.

ಚಕ್ರ ತೆಗೆದರೆ?

ಆಕ್ಟಿವಿಟಿ ಸೆಂಟರ್ ಹುಟ್ಟಿದ್ದು ಈ ಆಸೆಗೆ ಉತ್ತರವಾಗಿ. 1990ರ ದಶಕದಲ್ಲಿ ವಾಕರ್ ಮೇಲೆ ಟೀಕೆ ಹೆಚ್ಚಿದಾಗ ಅಮೆರಿಕದ ಕಂಪನಿಗಳು ಅದರ ಚಕ್ರ ಕಿತ್ತು, ಕೆಳಗೆ ಅಗಲ ತಟ್ಟೆಯಂಥ ತಳವಿಟ್ಟು, ಸೀಟು ಸುತ್ತಲೂ ತಿರುಗುವಂತೆ ಮಾಡಿದವು. ಸುತ್ತ ಗಿಲಕಿ, ಕನ್ನಡಿ, ಗರಗರ ತಿರುಗುವ ಚಕ್ರ, ಒತ್ತಿದರೆ ಕೂಗುವ ಹಸು. ಮಗು ಕುಪ್ಪಳಿಸಬಹುದು, ತಿರುಗಬಹುದು, ಜಾಗ ಬಿಟ್ಟು ಹೋಗಲಾರದು. ಮೆಟ್ಟಿಲಿನ ಅಪಾಯ ಅಲ್ಲಿಗೆ ಮುಗಿಯಿತು. ವಾಕರ್ ಬೇಡವೆನ್ನುವ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯೇ ಅದರ ಬದಲಿಗೆ ಸೂಚಿಸುವ ವಸ್ತುಗಳಲ್ಲಿ ಇದೂ ಒಂದು.

ಆದರೆ ಸುರಕ್ಷಿತ ಎನ್ನುವುದು ಒಂದು, ಬೆಳವಣಿಗೆಗೆ ಸಹಾಯಕ ಎನ್ನುವುದು ಇನ್ನೊಂದು. ಇಲ್ಲೂ ಮೈಭಾರ ಹೊರುವುದು ತೊಡೆಸಂದಿನ ಬಟ್ಟೆಯೇ, ಇಲ್ಲೂ ಪಾದ ತುದಿಗಾಲಿಗೇ ಬರುತ್ತದೆ. ಮಗು ನಿಂತಂತೆ ಕಾಣುತ್ತದೆ, ಜೋತು ಬಿದ್ದಿರುತ್ತದೆ. ಬೇಕಾದ ಆಟಿಕೆಗಳೆಲ್ಲ ಒಂದು ಗೇಣಿನೊಳಗೆ ಇರುವುದರಿಂದ ಚಾಚಿ, ತೆವಳಿ, ಸರಿದು ತಲುಪುವ ಪ್ರಮೇಯವೂ ಬಾರದು. ಹೀಗಾಗಿ ಇದನ್ನು ಕುರ್ಚಿ ಎಂದು ತಿಳಿದು ಬಳಸಿದರೆ ತೊಂದರೆಯಿಲ್ಲ. ವ್ಯಾಯಾಮ ಎಂದು ತಿಳಿದರೆ ಮೋಸ. ಬಾಗಿಲ ಚೌಕಟ್ಟಿಗೆ ಸ್ಪ್ರಿಂಗ್ ಹಾಕಿ ನೇತುಬಿಡುವ ಜಂಪರ್‌ಗೂ ಇದೇ ಮಾತು. ಅದರ ಕೊಕ್ಕೆ ಜಾರುವ, ಕುಪ್ಪಳಿಸುವ ಮಗುವಿನ ತಲೆ ಚೌಕಟ್ಟಿಗೆ ಬಡಿಯುವ ಅಪಾಯ ಬೇರೆ. ನನ್ನನ್ನು ಕೇಳಿದರೆ ಅದು ಬೇಡವೇ ಬೇಡ.

ಮನೆಯಲ್ಲಿ ಆಕ್ಟಿವಿಟಿ ಸೆಂಟರ್ ಇದ್ದರೆ, ಇಲ್ಲವೇ ಕೊಳ್ಳಲೇಬೇಕೆಂದಿದ್ದರೆ, ಕತ್ತು ಗಟ್ಟಿಯಾಗಿ ನಿಂತು ಆಸರೆ ಕೊಟ್ಟರೆ ನೆಟ್ಟಗೆ ಕೂರುವ ಮಗುವನ್ನು ಮಾತ್ರ ಅದರಲ್ಲಿ ಇಳಿಸಿ. ತಲೆ ವಾಲುತ್ತಿದ್ದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ. ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಎತ್ತರ ಇಳಿಸಿ. ಒಂದು ಸಲಕ್ಕೆ ಹದಿನೈದು-ಇಪ್ಪತ್ತು ನಿಮಿಷ, ದಿನಕ್ಕೆ ಒಂದೆರಡು ಸಲ. ಅದಕ್ಕಿಂತ ಹೆಚ್ಚು ಬೇಡ ಎನ್ನುತ್ತಾರೆ ಫಿಸಿಯೋಥೆರಪಿಸ್ಟ್‌ಗಳು. ನಿದ್ದೆಗೆ ಜಾರಿದರೆ ತಕ್ಷಣ ಎತ್ತಿ ಅಂಗಾತ ಮಲಗಿಸಬೇಕು, ಏಕೆಂದರೆ ತಲೆ ಮುಂದಕ್ಕೆ ಬಿದ್ದರೆ ಚಿಕ್ಕ ಮಗುವಿನ ಉಸಿರಿನ ದಾರಿ ಕಟ್ಟಿಕೊಳ್ಳಬಹುದು. ಮಗು ತಾನಾಗಿ ನಡೆಯಲು, ಹತ್ತಿ ಹೊರಬರಲು ಶುರುಮಾಡಿದ ದಿನ ಅದರ ಕೆಲಸ ಮುಗಿಯಿತು.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಹಾಡುವ, ಮಿನುಗುವ ಆಟಿಕೆಗಳೊಳಗೆ ಹಲವು ಸಲ ಗುಂಡಿ ಆಕಾರದ ಪುಟ್ಟ ಬ್ಯಾಟರಿ ಇರುತ್ತದೆ. ಮುಚ್ಚಳ ಸ್ಕ್ರೂ ಹಾಕಿ ಭದ್ರಪಡಿಸಿದ್ದೇ ಎಂದು ನೋಡಿ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟ ಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸಿ ಕಾಯುತ್ತ ಕೂರದೆ ನೇರ ಆಸ್ಪತ್ರೆಗೆ ಓಡಬೇಕು.

ಇನ್ನು ನಮ್ಮ ಹಳೆಯ ಮೂರು ಗಾಲಿಯ ಮರದ ತಳ್ಳುಗಾಡಿ. ಚನ್ನಪಟ್ಟಣದ ಅರಗು ಬಣ್ಣದ ಆಟಿಕೆಗಳ ಅಂಗಡಿ ಹೊಕ್ಕರೆ ಅದರ ಒಂದಲ್ಲ ಒಂದು ರೂಪ ಕಣ್ಣಿಗೆ ಬೀಳುತ್ತದೆ. ಇದು ವಾಕರ್‌ನ ಗುಂಪಿಗೆ ಸೇರಿದ್ದಲ್ಲ. ಮಗು ಇದರೊಳಗೆ ಕೂರುವುದಿಲ್ಲ, ಹಿಂದೆ ನಿಲ್ಲುತ್ತದೆ. ಭಾರ ತನ್ನ ಕಾಲ ಮೇಲೆ, ಪಾದ ಪೂರ್ತಿ ನೆಲದ ಮೇಲೆ, ಬೇಡವಾದಾಗ ಕೈಬಿಟ್ಟು ಕುಕ್ಕರಗಾಲಲ್ಲಿ ಕೂರುವ ಸ್ವಾತಂತ್ರ್ಯ. ಆದರೆ ತಾನೇ ಹಿಡಿದುಕೊಂಡು ಎದ್ದು ನಿಂತು, ಗೋಡೆ ಮಂಚ ಹಿಡಿದು ಪಕ್ಕಕ್ಕೆ ಹೆಜ್ಜೆ ಇಡುವ ಮಗುವಿಗೆ ಮಾತ್ರ ಇದು ಸರಿ. ಟೈಲ್ಸ್ ನೆಲದ ಮೇಲೆ ಗಾಡಿ ಜರ್ರನೆ ಓಡಿ ಮಗು ಮುಖ ಅಡಿಯಾಗಿ ಬೀಳುವುದುಂಟು. ಗಾಡಿಯ ಬುಡದಲ್ಲಿ ಎರಡು ಕೆಜಿ ಅಕ್ಕಿಯ ಪೊಟ್ಟಣವನ್ನೋ ಹಳೇ ಪುಸ್ತಕಗಳನ್ನೋ ಕಟ್ಟಿದರೆ ಓಟ ತಗ್ಗುತ್ತದೆ. ಬಳಸುವಾಗ ಒಬ್ಬರು ಜೊತೆಗಿರಬೇಕು, ಮೆಟ್ಟಿಲಿರುವ ಕಡೆಗೆ ಬಿಡಬಾರದು.

ಹಾಗಾದರೆ ಅಡುಗೆ ಆಗುವುದು ಹೇಗೆ?

ನ್ಯಾಯವಾದ ಪ್ರಶ್ನೆ. ಕೂಡುಕುಟುಂಬದಲ್ಲಿ ಮಗು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ದಾಟುತ್ತಿತ್ತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಇರುವ ತಾಯಿ ಒಗ್ಗರಣೆ ಹಾಕುವ ಹೊತ್ತಿಗೆ ಮಗುವನ್ನು ಎಲ್ಲಿ ಇಡಬೇಕು? ವಾಕರ್ ಬೇಡ ಎಂದು ಉಪದೇಶಿಸಿ ಕೈತೊಳೆದುಕೊಳ್ಳುವವರ ಮೇಲೆ ತಾಯಂದಿರಿಗೆ ಸಿಟ್ಟು ಬಂದರೆ ಅದು ಸಹಜ.

ನಾಲ್ಕೂ ಕಡೆ ಕಟಕಟೆ ಇರುವ ಪ್ಲೇಪೆನ್ ಇದಕ್ಕೆ ಒಳ್ಳೆಯ ದಾರಿ. ಅದರೊಳಗೆ ಮಗು ಮಗುಚಬಹುದು, ತೆವಳಬಹುದು, ಕಂಬಿ ಹಿಡಿದು ಎದ್ದು ನಿಲ್ಲಬಹುದು. ಅಂದರೆ ವಾಕರ್ ಕಸಿದುಕೊಳ್ಳುವುದೆಲ್ಲ ಇಲ್ಲಿ ಉಳಿಯುತ್ತದೆ. ದುಡ್ಡು ಹಾಕಲಾಗದಿದ್ದರೆ ಕೋಣೆಯ ಒಂದು ಮೂಲೆಯನ್ನೇ ಭಾರದ ಪೆಟ್ಟಿಗೆ, ಸೋಫಾ ಅಡ್ಡವಿಟ್ಟು ಆವರಣ ಮಾಡಿಕೊಳ್ಳಬಹುದು. ನೆಲಕ್ಕೆ ಜಮಖಾನವೋ ಕೌದಿಯೋ ಸಾಕು. ಮೆತ್ತನೆ ಹಾಸಿಗೆ ಬೇಡ, ಅದರಲ್ಲಿ ಕೈ-ಮಂಡಿ ಹೂತು ಮಗು ಸರಿಯಲಾರದು. ಸ್ವಲ್ಪ ದೊಡ್ಡ ಮಗುವಾದರೆ ಪಟ್ಟಿ ಕಟ್ಟಿದ ಊಟದ ಕುರ್ಚಿಯಲ್ಲಿ ಕೂರಿಸಿ ಮುಂದೆ ಸ್ಟೀಲ್ ಬಟ್ಟಲು, ಚಮಚ ಕೊಟ್ಟರೆ ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಗದ್ದಲ ಮಾಡಿಕೊಂಡಿರುತ್ತದೆ.

ನೆಲದ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆ ತುಂಬ ಸರಳವಾಗಿದೆ. ಒಂದು ವರ್ಷದೊಳಗಿನ ಮಗು ದಿನದಲ್ಲಿ ಹಲವು ಸಲ ನೆಲದ ಮೇಲೆ ಆಡಬೇಕು. ಇನ್ನೂ ಸರಿದಾಡದ ಮಗುವಾದರೆ, ಎಚ್ಚರವಿರುವಾಗ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಬೋರಲು ಹಾಕಬೇಕು. ಮಗುವನ್ನು ಕೂರಿಸಿ ತಳ್ಳುವ ಗಾಡಿ, ಕುರ್ಚಿ ಅಥವಾ ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ, ಯಾವುದರಲ್ಲೂ ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿಹಾಕಬಾರದು. ಮೊಬೈಲ್, ಟಿವಿ ಬೇಡ.

ಬೋರಲು ಹಾಕಿದ ಮಗು ಮೊದಮೊದಲು ಕಿರುಚುತ್ತದೆ, ಕತ್ತು ಎತ್ತುವುದೇ ಅದಕ್ಕೆ ದೊಡ್ಡ ಕಷ್ಟ. ಎರಡು-ಮೂರು ನಿಮಿಷದಿಂದ ಶುರುಮಾಡಿ. ನೀವೂ ಅದರೆದುರು ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಮುಖ ತೋರಿಸಿ. ಆರೇಳು ತಿಂಗಳಿಗೆ ಗಿಲಕಿಯನ್ನು ಕೈಗೆ ಸಿಕ್ಕೂ ಸಿಗದಷ್ಟು ದೂರ ಇಡಿ. ಎದ್ದು ನಿಲ್ಲುವ ಹಂತ ಬಂದಾಗ ದಿವಾನ್ ಅಂಚಿಗೆ ಆಟಿಕೆ ಇಡಿ, ಮಾರನೇ ವಾರ ಅದನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ. ಪಕ್ಕಕ್ಕೆ ಇಡುವ ಆ ಹೆಜ್ಜೆಗಳಲ್ಲೇ ಸೊಂಟದ ಸ್ನಾಯು ಭಾರ ಹೊರಲು ಕಲಿಯುವುದು. ಮನೆಯೊಳಗೆ ಬೂಟು, ಕಾಲುಚೀಲ ಬೇಡ. ಬರಿಗಾಲಿಗೆ ನೆಲ ಚೆನ್ನಾಗಿ ತಿಳಿಯುತ್ತದೆ, ಜಾರುವುದೂ ಕಡಿಮೆ. ಹಾಗೆ ಬಿಡುವ ಮೊದಲು ನೀವೊಮ್ಮೆ ಮಂಡಿಯೂರಿ ಮನೆ ಸುತ್ತಿ ನೋಡಿ. ಪ್ಲಗ್ ಪಾಯಿಂಟ್, ಫಿನಾಯಿಲ್ ಬಾಟಲಿ, ತುಂಬಿಟ್ಟ ಬಕೆಟ್, ಅಲ್ಲಾಡುವ ಟಿವಿ ಸ್ಟ್ಯಾಂಡ್ ಎಲ್ಲ ಆ ಎತ್ತರದಿಂದಲೇ ಕಾಣುವುದು.

ಬೇಗ ನಿಲ್ಲಿಸಿದರೆ ಕಾಲು ಸೊಟ್ಟಗಾಗುತ್ತದೆ ಎನ್ನುವ ಭಯ ಹಲವರಿಗಿದೆ. ಎಳೆಯ ಮಕ್ಕಳ ಕಾಲು ಹುಟ್ಟಿನಿಂದಲೇ ಸ್ವಲ್ಪ ಬಿಲ್ಲಿನಂತಿರುತ್ತದೆ, ಎರಡು ವರ್ಷದ ಹೊತ್ತಿಗೆ ತಾನಾಗಿ ನೇರವಾಗುತ್ತದೆ. ಬಾಗು ಹೆಚ್ಚುತ್ತ ಹೋದರೆ ಡಿ ಜೀವಸತ್ವದ ಕೊರತೆಯಿರಬಹುದು. ಅದಕ್ಕೆಂದೇ ಮೊದಲ ವರ್ಷವಿಡೀ ದಿನಕ್ಕೆ 400 ಯೂನಿಟ್ ಡಿ ಜೀವಸತ್ವದ ಹನಿ ಹಾಕಲು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ.

ತಾಯಿ ಕಾರ್ಡ್ ಕೈಯಲ್ಲಿದ್ದರೆ ಅದರಲ್ಲಿರುವ ಬೆಳವಣಿಗೆಯ ಚಿತ್ರಗಳ ಪುಟವನ್ನು ತಿರುವಿಹಾಕಿ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ದಾಟಿದರೂ ಕೂರದಿದ್ದರೆ, ಒಂದೇ ಕಡೆಯ ಕೈಕಾಲು ಬಳಸುತ್ತಿದ್ದರೆ, ಕಾಲು ಕಡ್ಡಿಯಂತೆ ಬಿಗಿದುಕೊಳ್ಳುತ್ತಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆಂದೇ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ (ಡಿಇಐಸಿ), ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಇಂಥ ಮಕ್ಕಳಿಗೆ ‘ವಾಕರ್ ಹಾಕಿದರೆ ಸರಿಹೋಗುತ್ತದೆ’ ಎಂದು ತಿಂಗಳು ದೂಡುವುದು ಎಲ್ಲಕ್ಕಿಂತ ದೊಡ್ಡ ನಷ್ಟ: ಕಾಲು ಮೊದಲೇ ಬಿಗಿಯಾಗಿರುವ ಮಗುವಿಗೆ ತುದಿಗಾಲಿನ ಒದೆತ ಆ ಬಿಗಿತವನ್ನೇ ಅಭ್ಯಾಸ ಮಾಡಿಸುತ್ತದೆ. ಫಿಸಿಯೋಥೆರಪಿಸ್ಟ್ ಅಳತೆ ನೋಡಿ ಕೊಡುವ ನಡಿಗೆಯ ಆಸರೆ ಚೌಕಟ್ಟಿಗೂ ಅಂಗಡಿಯ ವಾಕರ್‌ಗೂ ಸಂಬಂಧವಿಲ್ಲ.

ಮನೆಯಲ್ಲಿ ಈಗಾಗಲೇ ವಾಕರ್ ಇದ್ದರೆ ಅಟ್ಟಕ್ಕೆ ಹಾಕಬೇಡಿ, ಮುಂದಿನ ಬಾಣಂತಿಯ ಮನೆಗೂ ದಾಟಿಸಬೇಡಿ. ಚಕ್ರ ಕಳಚಿ, ಸೀಟಿನ ಬಟ್ಟೆ ಕತ್ತರಿಸಿ ಗುಜರಿಗೆ ಕೊಡಿ. ಮಗುವನ್ನು ಬಿಡುವ ಬೇಬಿ ಸಿಟ್ಟಿಂಗ್‌ನಲ್ಲಿ ವಾಕರ್ ಬಳಸುತ್ತಾರೆಯೇ ಎಂದು ನಾಳೆಯೇ ಕೇಳಿ. ಬಳಸುತ್ತಿದ್ದರೆ ನಮ್ಮ ಮಗುವನ್ನು ಅದರಲ್ಲಿ ಕೂರಿಸಬೇಡಿ ಎಂದು ಹೇಳಿಬಿಡಿ.